ಲಿವರ್ ಮೇಲಿನ ಅಂಕಿ ನಂಬಿ ಕಡಲೆ ಬಿತ್ತಬೇಡಿ

ಚಿತ್ತಿ ಮಳೆ ಹದವಾಗಿ ಬಿದ್ದು, ಎರೆ ಹೊಲ ಕಾಲಿಗೆ ಅಂಟುವುದು ನಿಂತಿತೆಂದರೆ ಅಣ್ಣಿಗೇರಿ, ನವಲಗುಂದ, ನರಗುಂದ, ರೋಣದ ಕಡೆ ಎಲ್ಲರಿಗೂ ಒಂದೇ ವಾರದಲ್ಲಿ ಟ್ರ್ಯಾಕ್ಟರ್ ಕೂರಿಗೆ (ಟ್ರ್ಯಾಕ್ಟರ್ ಹಿಂದೆ ಕಟ್ಟುವ ಬಿತ್ತುವ ಯಂತ್ರ) ಬೇಕು. ಸ್ವಂತದ್ದು ಇಲ್ಲದವರು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಪಕ್ಕದೂರಿನಿಂದಲೋ ಬಾಡಿಗೆಗೆ ತರುತ್ತಾರೆ. ಡ್ರೈವರ್ "ಕಡಲೆ ಅಲ್ರೀ? ಲಿವರ್ ಆರಕ್ಕ ಇಟ್ಟೀನಿ" ಎನ್ನುತ್ತಾನೆ, ಹೊಲದವರು ಹೂಂ ಎನ್ನುತ್ತಾರೆ. ಬಿತ್ತನೆ ಕೆಡುವುದು ಅಲ್ಲಿಂದಲೇ.

ಲಿವರ್ ಎಂದರೆ ಬೀಜ ಎಷ್ಟು ಬೀಳಬೇಕೆಂದು ಇಡುವ ಹಿಡಿಕೆ. ಬೀಜದ ಪೆಟ್ಟಿಗೆಯ ತಳದಲ್ಲಿ ಹಲ್ಲಿನ ರೋಲರುಗಳಿರುತ್ತವೆ. ಅವು ಎಷ್ಟು ಅಗಲ ತೆರೆದಿವೆ ಎಂಬುದನ್ನಷ್ಟೇ ಆ ಅಂಕಿ ತೋರಿಸುತ್ತದೆ. ಎಕರೆಗೆ ಎಷ್ಟು ಕಿಲೋ ಬಿದ್ದೀತು ಎಂಬುದು ಕಾಳಿನ ಗಾತ್ರ, ಬೀಜೋಪಚಾರದ ಲೇಪ, ರೋಲರ್ ಸವೆತ, ಗಾಲಿಯ ಸುತ್ತಳತೆ ಇವುಗಳ ಮೇಲೆ ನಿಂತಿದೆ. ಜೆಜಿ-11 ಎಂಬ ಕಡಲೆ ತಳಿಗೆ ಸರಿಹೋದ ಗುರುತು ದಪ್ಪ ಕಾಬೂಲಿ ಕಡಲೆಗೆ ಸರಿಹೋಗುವುದಿಲ್ಲ. ಹಾಗಾಗಿ ನಿಮ್ಮದೇ ಬೀಜ ಹಾಕಿ ತೂಗಿ ನೋಡಬೇಕು. ಅಂಗಳದಲ್ಲಿ ಅರ್ಧ ಗಂಟೆಯ ಕೆಲಸ.

ಹೆಕ್ಟೇರ್ ಲೆಕ್ಕ ಬಿಡಿ, ಗುಂಟೆಯಲ್ಲಿ ಮಾಡಿದರೆ ಸುಲಭ. ಎಕರೆಗೆ 25 ಕಿಲೋ ಎಂದರೆ ಗುಂಟೆಗೆ 625 ಗ್ರಾಂ. ಬೀಜದ ರೋಲರ್ ತಿರುಗಿಸುವ ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆಯಿರಿ; 1.25 ಮೀಟರ್ ಬಂತು ಎನ್ನೋಣ. 9 ತಾಳು (ನೆಲಕ್ಕಿಳಿದು ಸಾಲು ಬಿಡುವ ಕಾಲು), ಸಾಲಿನಿಂದ ಸಾಲಿಗೆ 30 ಸೆಂ.ಮೀ. ಇದ್ದರೆ ಕೂರಿಗೆಯ ಅಗಲ 2.7 ಮೀಟರ್. ಗಾಲಿ ಒಂದು ಸುತ್ತು ಹಾಕಿದರೆ 3.37 ಚದರ ಮೀಟರ್ ಬಿತ್ತಿದಂತೆ. ಗುಂಟೆ ಎಂದರೆ 101 ಚದರ ಮೀಟರ್, ಅಂದರೆ 30 ಸುತ್ತು. ನಿಮ್ಮ ಗಾಲಿಯ ಅಳತೆ, ತಾಳಿನ ಲೆಕ್ಕ ಬೇರೆಯಿದ್ದರೆ ಸುತ್ತಿನ ಸಂಖ್ಯೆಯೂ ಬದಲಾಗುತ್ತದೆ, ವಿಧಾನ ಇದೇ.

ಕೂರಿಗೆಯನ್ನು ಜಾಕ್ ಹಾಕಿ ಗಾಲಿ ನೆಲ ಬಿಡುವಷ್ಟು ಎತ್ತಿ, ಗಾಲಿಗೆ ಸುಣ್ಣದ ಗುರುತು ಹಾಕಿ. ಪೆಟ್ಟಿಗೆಗೆ ಅರ್ಧದಷ್ಟು ಬೀಜ ಸುರಿದು, ಬೀಜದ ಪೈಪುಗಳನ್ನು ಕುಡದಿಂದ (ತಾಳಿನ ತುದಿಯ ಮಣ್ಣು ಸೀಳುವ ಕಬ್ಬಿಣ) ಬಿಡಿಸಿ ಪ್ರತಿಯೊಂದಕ್ಕೂ ಒಂದು ಚೀಲ ಕಟ್ಟಿ. ಮೊದಲ ಹತ್ತು ಸುತ್ತು ರೋಲರ್ ತುಂಬಿಕೊಳ್ಳುವುದಕ್ಕೆ. ಆ ಬೀಜವನ್ನು ಪೆಟ್ಟಿಗೆಗೇ ವಾಪಸ್ ಹಾಕಿ. ಆಮೇಲೆ 30 ಸುತ್ತನ್ನು ಸುಮಾರು 40 ಸೆಕೆಂಡಿನಲ್ಲಿ ತಿರುಗಿಸಿ. ಹೊಲದ ವೇಗವೂ ಅಷ್ಟೇ ಇರಬೇಕು, ತಾಸಿಗೆ 3ರಿಂದ 3.5 ಕಿ.ಮೀ. ಎಲ್ಲ ಚೀಲ ಸೇರಿ 625 ಗ್ರಾಂ, ಒಂದೊಂದರಲ್ಲಿ 69 ಗ್ರಾಂ ಆಸುಪಾಸು ಬರಬೇಕು. ಒಟ್ಟು 700 ಬಂದರೆ ಎಕರೆಗೆ 28 ಕಿಲೋ ಹೋಗುತ್ತಿದೆ. ಲಿವರ್ ಇಳಿಸಿ ಮತ್ತೆ ತೂಗಿ. ಒಟ್ಟು ಸರಿಯಿದ್ದು ಒಂದೇ ಪೈಪಿನಲ್ಲಿ 50 ಗ್ರಾಂ ಬಂದರೆ ಲಿವರ್ ಮುಟ್ಟಬೇಡಿ, ಆ ರೋಲರ್ ತನ್ನ ಜಾಗದಿಂದ ಸರಿದಿದೆಯೇ, ಅದರ ಬಾಯಲ್ಲಿ ಕಸ ಸಿಕ್ಕಿದೆಯೇ ನೋಡಿ. ಚೀಲದಲ್ಲಿ ಒಡೆದು ಬೇಳೆಯಾದ ಕಾಳು ಕಂಡರೆ ರೋಲರ್ ಕೆಳಗಿನ ತಗಡು ಬಿಗಿಯಾಗಿದೆ ಎಂದು ಅರ್ಥ, ಅದನ್ನು ಸಡಿಲಿಸಿ. ಆ ಕಾಳು ಮೊಳೆಯುವುದಿಲ್ಲ, ತೂಕದಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಬೆಲ್ಲದ ಪಾಕದಲ್ಲಿ ರೈಜೋಬಿಯಂ ಜೀವಾಣು ಗೊಬ್ಬರ ಹಚ್ಚಿದ ಬೀಜವನ್ನು ನೆರಳಲ್ಲಿ ಪೂರಾ ಆರಿಸಿಯೇ ತೂಗಬೇಕು. ಅಂಟಿದ್ದರೆ ಪೆಟ್ಟಿಗೆಯಲ್ಲಿ ಕಮಾನು ಕಟ್ಟಿ ನಿಲ್ಲುತ್ತದೆ, ರೋಲರ್ ಬರಿದೇ ತಿರುಗುತ್ತದೆ. ಹಿಂದೆ ಕೂತವರಿಗೆ ಮೇಲಿಂದ ಬೀಜ ಕಾಣುತ್ತದೆ, ಸಾಲು ಮಾತ್ರ ಖಾಲಿ.

ಇನ್ನು ಹೊಲ. ಎರೆ ಮಣ್ಣು ಗಾಲಿಗೆ ಮೆತ್ತಿದರೆ ಗಾಲಿಯ ಸುತ್ತಳತೆ ದೊಡ್ಡದಾಗುತ್ತದೆ, ಕೆಲವು ಕಡೆ ತಿರುಗದೆ ಜಾರುತ್ತದೆ; ಎರಡರಲ್ಲೂ ಬೀಜ ಕಡಿಮೆ ಬೀಳುತ್ತದೆ. ಮೊದಲ ಸಾಲಿನಲ್ಲೇ 25 ಮೀಟರ್ ಗುರುತಿಸಿ ಗಾಲಿಯ ಸುತ್ತು ಎಣಿಸಿ. 20 ಬರಬೇಕು. 18 ಬಂದರೆ ಹತ್ತರಲ್ಲಿ ಒಂದು ಪಾಲು ಬೀಜ ನೆಲಕ್ಕೆ ಬೀಳುತ್ತಿಲ್ಲ. ಗಾಲಿಯ ಮಣ್ಣು ಕೆರೆಯಿರಿ, ಸ್ಪ್ರಿಂಗ್ ಬಿಗಿ ಮಾಡಿ ಗಾಲಿ ನೆಲಕ್ಕೆ ಒತ್ತುವಂತೆ ನೋಡಿ, ಆಮೇಲಷ್ಟೇ ಲಿವರ್.

ಆಳವನ್ನು ಟಾಪ್ ಲಿಂಕ್ (ಕೂರಿಗೆಯನ್ನು ಟ್ರ್ಯಾಕ್ಟರಿಗೆ ಮೇಲಿನಿಂದ ಕೂಡಿಸುವ ಸರಳು) ಮತ್ತು ಟ್ರ್ಯಾಕ್ಟರಿನ ಬಲಗಡೆಯ ತೋಳಿನ ಸ್ಕ್ರೂ ಹಿಡಿದು ಸರಿಮಾಡಬೇಕು. ಟಾಪ್ ಲಿಂಕ್ ಗಿಡ್ಡವಾದರೆ ಮುಂದಿನ ತಾಳುಗಳು ಇಳಿದು ಹಿಂದಿನವು ಮೇಲೆಯೇ ಉಳಿಯುತ್ತವೆ. ಹತ್ತು ಹೆಜ್ಜೆ ಓಡಿಸಿ ನಿಲ್ಲಿಸಿ, ಎಡ, ನಡು, ಬಲ ಮೂರೂ ಕಡೆ ಬೆರಳಿಂದ ಕೆದಕಿ ನೋಡಿ: ಕಾಳು ಹಸಿಯಲ್ಲಿ ಕೂತಿರಬೇಕು, ಹಿಂಗಾರಿ ಎರೆಯಲ್ಲಿ ಅದು 7-8 ಸೆಂ.ಮೀ. ಕೆಳಗಿರುತ್ತದೆ. ಮೇಲಿನ ಒಣ ಮಣ್ಣಿನಲ್ಲಿ ಬಿದ್ದ ಕಾಳು ಇನ್ನೊಂದು ಮಳೆಗೆ ಕಾಯುತ್ತದೆ. ದೊಡ್ಡ ಟಯರ್ ಹಾಯ್ದ ಎರಡು ಪಟ್ಟಿ ಗಟ್ಟಿಯಾಗಿರುವುದರಿಂದ ಅಲ್ಲಿನ ತಾಳು ಮೇಲೇಳುತ್ತದೆ. ಆ ಎರಡು ತಾಳುಗಳ ಮುಂದಿನ ಚೌಕಟ್ಟಿಗೆ ಮಣ್ಣು ಸಡಿಲಿಸುವ ಕುಡ ಹಾಕಿಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲೇ ಆಗುವ ಕೆಲಸ, ಯಾಕೋ ಯಾರೂ ಮಾಡಿಸುವುದಿಲ್ಲ.

ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟರೆ ಡ್ರೈವರ್ ಓಡಿಸಿಯೇ ಓಡಿಸುತ್ತಾನೆ. 2.7 ಮೀಟರ್ ಅಗಲದ ಕೂರಿಗೆ ಹೇಳಿದ ವೇಗದಲ್ಲಿ ಹೋದರೆ, ತಿರುವು ಸೇರಿ ಎಕರೆಗೆ 35-40 ನಿಮಿಷ ಬೇಕು. ಅದಕ್ಕಿಂತ ಬೇಗ ಮುಗಿದರೆ ಕಾಳು ಮೇಲೆ ಚೆಲ್ಲಿರುತ್ತದೆ. ತಾಸಿನ ಲೆಕ್ಕಕ್ಕೆ ಮಾತಾಡುವುದು ಒಳ್ಳೆಯದು. ಹಿಂತಿರುಗಿ ಬರುವಾಗ ಕೊನೆಯ ಸಾಲಿನಿಂದ ಮೊದಲ ತಾಳಿಗೆ 30 ಸೆಂ.ಮೀ. ಬಿಡಬೇಕು. ಇಲ್ಲಿ ಸಾಲು ಒತ್ತಿಕೊಂಡರೆ ಮುಂದೆ ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟಿ ಹೊಡೆಯುವಾಗ ಗಿಡವೇ ಕಿತ್ತು ಬರುತ್ತದೆ.

ಡಿಎಪಿ ಗೊಬ್ಬರದ ಪೆಟ್ಟಿಗೆಯನ್ನೂ ಹೀಗೆಯೇ ತೂಗಿ: ಎಕರೆಗೆ ಒಂದು ಚೀಲ, 50 ಕಿಲೋ ಎಂದರೆ ಗುಂಟೆಗೆ 1.25 ಕಿಲೋ. ಗೊಬ್ಬರ ಬೀಜದ ಕೆಳಗೆ, ಪಕ್ಕಕ್ಕೆ ಬೀಳಬೇಕು. ಎರಡು ಪೈಪೂ ಒಂದೇ ಬಾಯಿಗೆ ಇಳಿದಿದ್ದರೆ ಮೊಳಕೆ ಸುಡುತ್ತದೆ. ರಾತ್ರಿ ಪೆಟ್ಟಿಗೆಯಲ್ಲಿ ಗೊಬ್ಬರ ಬಿಡಬೇಡಿ. ಇಬ್ಬನಿಗೆ ನೀರೊಡೆದು ಗಟ್ಟಿಯಾದರೆ ಬೆಳಿಗ್ಗೆ ಗಾಲಿ ಎಳೆದಾಗ ಚೈನ್ ಕಿತ್ತುಹೋಗುತ್ತದೆ. ಸಂಜೆಯೇ ಖಾಲಿ ಮಾಡಿ, ಒಣ ಬ್ರಷ್‌ನಿಂದ ಉಜ್ಜಿ, ರೋಲರ್ ಶಾಫ್ಟಿಗೆ ಹಳೆ ಎಂಜಿನ್ ಆಯಿಲ್ ಸವರಿಡಿ.