ದುರ್ಯೋಧನ ಕೊನೆಗೂ ಸರಿಹೋದ

ಮೂಡಲಪಾಯ ಯಕ್ಷಗಾನದ ಪ್ರಸಂಗವೊಂದರ ಇಬುಕ್ ಕೊನೆಗೂ ಓದುವ ಹಾಗೆ ಆಗಿದೆ. ಇಬುಕ್ ಮಾಡುವ ಕ್ಯಾಲಿಬರ್, ಸಿಜಿಲ್ ತಂತ್ರಾಂಶಗಳ ಕೆಲಸದ ಮಾತು ಇಲ್ಲಿ ಬೇಡ. ಈ ಸಲ ಬರೀ ಅರ್ಕಾವತ್ತಿನ, ಅಂದರೆ ಅಕ್ಷರದ ಬಲಕ್ಕೆ ಬರೆಯುವ ರ್ ಗುರುತಿನ ಕಾಟ.

ಫೈಲ್ ಬಂದದ್ದು ತುಮಕೂರಿನ ಒಂದು ಡಿಟಿಪಿ ಅಂಗಡಿಯಿಂದ, ಹಳೇ ನುಡಿ ಫಾಂಟ್‌ನಲ್ಲಿ. ಪ್ರತಿ ಸಾಲಿನ ಕೊನೆಗೂ ಎಂಟರ್. ಪದ್ಯ ಮಧ್ಯಕ್ಕೆ ಬರಲಿ ಅಂತ ಸ್ಪೇಸ್ ಮೇಲೆ ಸ್ಪೇಸ್. ಎಲ್ಲ ಭಾಷೆಗಳಿಗೂ ಇರುವ ಕಂಪ್ಯೂಟರ್ ಅಕ್ಷರ ಸಂಕೇತ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ, ಇನ್ನೂ ಹೀಗೆ ಕೊಟ್ಟರೆ ಸಿಟ್ಟು ಬರಲ್ವಾ? ಹೋಗಲಿ, ಅದನ್ನೆಲ್ಲ ಗುಡಿಸಿ ಹಾಕಬಹುದು.

ಯೂನಿಕೋಡ್‌ಗೆ ಬದಲಾಯಿಸಿದಾಗ ಕರ್ಣ ಸರಿಯಾಗೇ ಬಂದ. ದುರ್ಯೋಧನ ಮಾತ್ರ ‘ದುಯೋರ್ಧನ’. ‘ಕೀರ್ತಿ’ ಹೋಗಿ ‘ಕೀತಿರ್’. ಇದನ್ನು ಹಿಡಿದು ಭಾಗವತರು ಹಾಡೋದು ಹೇಗೆ?

ನುಡಿಯ ಹಳೇ ಫಾಂಟ್‌ನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಸಾಲಿನಲ್ಲೇ ಕೂರುತ್ತವೆ: ಮೊದಲು ಯೋ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ನಾಲಿಗೆ ಹೇಳುವ ಸಾಲು, ರ್ ಮೊದಲು. ನಾನು ಬಳಸಿದ ಕನ್ವರ್ಟರ್ ಬರೀ ವ್ಯಂಜನ ಇದ್ದರೆ ಅರ್ಕಾವತ್ತನ್ನು ಹಿಂದಕ್ಕೆ ಸರಿಸುತ್ತದೆ, ಗುಣಿತ ಇದ್ದರೆ ಇದ್ದಲ್ಲೇ ಬಿಡುತ್ತದೆ, ಅದು ಹೋಗಿ ಮುಂದಿನ ಧಕಾರದ ಮೇಲೆ ಕೂರುತ್ತದೆ. ಆಮೇಲೆ ಹುಡುಕಿ ಬದಲಿಸೋಣ ಅಂದರೆ ಆಗಲ್ಲ. ‘ಮೂರ್ಖ’ದಲ್ಲಿರುವುದು ಸರಿಯಾದ ರ್, ‘ದುಯೋರ್ಧನ’ದಲ್ಲಿರುವುದು ದಾರಿ ತಪ್ಪಿದ ರ್. ಪ್ರೋಗ್ರಾಮ್‌ಗೆ ಎರಡೂ ಒಂದೇ.

ಕೆಲಸಕ್ಕೆ ಬಂದದ್ದು ಇದು. ಪೈಥಾನ್‌ನಲ್ಲಿ ನುಡಿಯ ಯಾವ ಅಕ್ಷರಕ್ಕೆ ಯೂನಿಕೋಡ್‌ನ ಯಾವುದು ಅನ್ನೋ ನನ್ನದೇ ಪಟ್ಟಿ ಬರೆದು, ಅರ್ಕಾವತ್ತನ್ನು ಕೂಡಲೇ ರ್ ಮಾಡದೆ ಆ ಜಾಗಕ್ಕೆ ಪ್ರಸಂಗದಲ್ಲಿ ಎಲ್ಲೂ ಬಾರದ ಒಂದು ಚಿಹ್ನೆ ಇಟ್ಟೆ. ಉಳಿದದ್ದೆಲ್ಲ ಯೂನಿಕೋಡ್ ಆದ ಮೇಲೆ ಒಂದು ರೆಜೆಕ್ಸ್ (ಮಾದರಿ ಕೊಟ್ಟು ಹುಡುಕಿ ಬದಲಿಸುವ ಸೂತ್ರ): ಚಿಹ್ನೆಯ ಹಿಂದಿರುವ ಪೂರ್ತಿ ಅಕ್ಷರ, ಅಂದರೆ ವ್ಯಂಜನ, ಒತ್ತು, ಗುಣಿತ ಎಲ್ಲ ಸೇರಿಸಿ ಹಿಡಿದು, ಅದಕ್ಕಿಂತ ಮೊದಲು ರ್ ಇಟ್ಟು, ಚಿಹ್ನೆ ತೆಗೆಯುವುದು. ದುರ್ಯೋಧನ ಎದ್ದು ನಿಂತ! ಕೂತಲ್ಲೇ ಚಪ್ಪಾಳೆ ಹೊಡೆದೆ.

ಮುನ್ನುಡಿಯಲ್ಲಿ ‘ಮೈಕ್‌ಗೆ’ ಅನ್ನೋದು ‘ಮೈಕ್ಗೆ’ ಆಗಿತ್ತು. ಪದದ ನಡುವೆ ಬಿಡಿ ಅರ್ಧಾಕ್ಷರ ಬಂದ ಕಡೆಯೆಲ್ಲ ಅಕ್ಷರ ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಸೇರಿಸಿದೆ, ಅಷ್ಟೇ.

ಇನ್ನು ತತ್ವಪದದ ಹಳೇ ಪುಸ್ತಕ ಒಂದಿದೆ, ಮೊಳೆ ಜೋಡಿಸಿ ಅಚ್ಚು ಹಾಕಿದ್ದು. ಸ್ಕ್ಯಾನ್ ಮಾಡಿದ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಟೆಸೆರಾಕ್ಟ್ ಕನ್ನಡ ಓದುತ್ತದೆ, ಆದರೆ ಮಾಸಿದ ಒತ್ತಕ್ಷರಗಳನ್ನು ಹೇಗೆ ಹಿಡಿಯುತ್ತದೋ ನೋಡಬೇಕು. 300 ಡಿಪಿಐನಲ್ಲಿ ಸ್ಕ್ಯಾನ್ ಶುರು ಮಾಡಿದ್ದೇನೆ. ಬೆನ್ನು ಬಿಟ್ಟಿರುವ ಪುಸ್ತಕ, ಹಾಳೆ ಹರಿಯದ ಹಾಗೆ ಸ್ಕ್ಯಾನ್ ಮಾಡೋ ಉಪಾಯ ಗೊತ್ತಿದ್ದರೆ ಹೇಳಿ.