ಗಂಟಲಲ್ಲಿ ಸಿಕ್ಕ ಗೊನೆ

ಬೀದರ್ ಜಿಲ್ಲೆಯಲ್ಲಿ ಟಿಶ್ಯೂ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಬಾಳೆ ಸಸಿ ಮಾರುವುದು, ನೆಟ್ಟ ಮೇಲೆ ತೋಟಕ್ಕೆ ಹೋಗಿ ನೋಡಿ ಬರುವುದು ನನ್ನ ಕೆಲಸ. ನನ್ನ ಊರು ಮಂಡ್ಯ ಕಡೆ. ಬಾಳೆಗೆ ಚಳಿ ಹೊಡೆಯುತ್ತದೆ ಅಂದರೆ ಅಲ್ಲಿ ನಗುತ್ತಾರೆ. ನಾನೂ ನಕ್ಕವನೇ.

ಸೇರಿದ ಮೊದಲ ವರ್ಷ ಭಾಲ್ಕಿ ಹತ್ತಿರದ ಒಬ್ಬ ರೈತರಿಗೆ ಮೇ ತಿಂಗಳಲ್ಲಿ ಎರಡು ಎಕರೆಗೆ ಜಿ-9 ತಳಿಯ ಬಾಳೆ ಸಸಿ ಕೊಟ್ಟೆ. ಅವರನ್ನು ನಾನು ಕಾಕಾ ಅಂತಲೇ ಕರೆಯುವುದು. ಬೋರ್ ನೀರು, ಡ್ರಿಪ್, ಒಳ್ಳೆ ತಿಪ್ಪೆಗೊಬ್ಬರ. ದೀಪಾವಳಿ ಹೊತ್ತಿಗೆ ದಾರಿಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನೋಡುವಂತಿತ್ತು ತೋಟ.

ಡಿಸೆಂಬರ್‌ನಲ್ಲಿ ಫೋನ್ ಬಂತು. "ಸಾಹೇಬ್ರ, ಬಾಳಿ ನಿಂತಬಿಟ್ಟಾವ ನೋಡ್ರಿ." ವಾರಕ್ಕೊಂದು ಎಲೆ ಬಿಡುತ್ತಿದ್ದ ಗಿಡ ಮೂರು ವಾರವಾದರೂ ಸುರುಳಿ ಬಿಚ್ಚಿಲ್ಲವಂತೆ. ನಾನು ತೋಟಕ್ಕೂ ಹೋಗದೆ, ಯೂರಿಯಾ ಜಾಸ್ತಿ ಬಿಡಿ ಅಂದೆ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುವಾಗ ಬೇರು ಸರಿಯಾಗಿ ಕೆಲಸವನ್ನೇ ಮಾಡಲ್ಲ, ಗೊಬ್ಬರ ಸುರಿದು ಏನು ಬಂತು? ಸುಮ್ನೆ ದುಡ್ಡು ದಂಡ.

ಎಳ್ಳಮಾಸೆ (ಎಳ್ಳು ಅಮಾವಾಸ್ಯೆ) ಹಬ್ಬಕ್ಕೆ ಅವರೇ ಹೊಲಕ್ಕೆ ಕರೆದರು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಎಲ್ಲ ಆಯಿತು. ಆಮೇಲೆ ಕಾಕಾ ಎದ್ದು ಒಂದು ಗಿಡದ ಹತ್ತಿರ ಕರೆದುಕೊಂಡು ಹೋದರು. ಎಲೆದಂಟುಗಳೆಲ್ಲ ಬೀಸಣಿಗೆ ಮಡಚಿದ ಹಾಗೆ ಒತ್ತಿಕೊಂಡಿದ್ದವು. ನಡುವೆ ಗೊನೆ. ಹೊರಬಂದು ಬಾಗಬೇಕಾದದ್ದು ಅರ್ಧಕ್ಕೇ ನಿಂತಿದೆ. ಮೇಲಿನ ಎರಡು ಚಿಪ್ಪು ಗಿಡದ ಗಂಟಲಲ್ಲೇ ಸಿಕ್ಕಿ ಕಾಯಿಗಳು ಸೊಟ್ಟಗಾಗಿವೆ. ಪಕ್ಕದ ಗಿಡದಲ್ಲಿ ಗೊನೆ ಕಾಂಡವನ್ನೇ ಸೀಳಿಕೊಂಡು ಹೊರಗೆ ಇಣುಕಿತ್ತು.

"ಹೆರಿಗಿ ಆಗವಲ್ದು ನೋಡ್ರಿ," ಅಂದರು ಕಾಕಾ.

ತಿಂದ ಭಜ್ಜಿ ನನ್ನ ಗಂಟಲಿಗೇ ಬಂದ ಹಾಗಾಯಿತು.

ಚಳಿಗೆ ಮುಂಚೆ ಹೊರಬಿದ್ದಿದ್ದ ಗೊನೆಗಳಾದರೂ ಉಳಿದವು ಅಂದುಕೊಂಡಿದ್ದೆವು. ಮಾರ್ಚ್‌ನಲ್ಲಿ ಬಂದ ವ್ಯಾಪಾರಿ ಒಂದು ಕಾಯಿ ಮುರಿದು ಉಗುರಿನಿಂದ ಸಿಪ್ಪೆ ತೆಳ್ಳಗೆ ಕೆರೆದ. ಒಳಗೆ ಸಣ್ಣ ಸಣ್ಣ ಕಂದು ಗೆರೆ. ಥಂಡಿ ಹಿಡಿದ ಮಾಲು, ಹಣ್ಣಾದರೂ ಬಣ್ಣ ಮಂಕು, ಅಂತ ಹೇಳಿ ರೇಟು ಅರ್ಧಕ್ಕೆ ಇಳಿಸಿದ.

ಜಿ-9 ನೆಟ್ಟ ಏಳೆಂಟು ತಿಂಗಳಿಗೆ ಗೊನೆ ಹಾಕುತ್ತದೆ. ಮೇ ಇಂದ ಬೆರಳು ಮಡಚಿ ಎಣಿಸಿದ್ದರೆ ಸಾಕಿತ್ತು, ನೇರ ಡಿಸೆಂಬರ್, ಜನವರಿಗೆ ಬಂದು ನಿಲ್ಲುತ್ತದೆ. ಸಸಿ ಮಾರುವವನಿಗೆ ಅಷ್ಟು ಲೆಕ್ಕ ಬರಲಿಲ್ಲ ಅಲ್ವಾ.

ಈಗ ಚಳಿಗಾಲದಲ್ಲಿ ತೋಟದವರಿಗೆ ಮೊದಲು ಹೇಳುವುದು ನೀರಿನ ವಿಷಯ. ರಾತ್ರಿ ಪಾಳಿಯ ಕರೆಂಟಿಗೆ ವರ್ಷವಿಡೀ ಬೈಯುತ್ತೇವೆ, ಈ ಎರಡು ತಿಂಗಳು ಮಾತ್ರ ಅದು ಒಳ್ಳೆಯದೇ. ಬೋರ್ ನೀರಿಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ರಾತ್ರಿ ಬಿಟ್ಟರೆ ಬುಡದ ಮಣ್ಣು ಅಷ್ಟು ಬೇಗ ತಣ್ಣಗಾಗಲ್ಲ. ರೋಗ ಹಿಡಿದ ಎಲೆ ಕತ್ತರಿಸಿ, ಹಸಿರು ಎಲೆ ಮುಟ್ಟಬೇಡಿ. ಗಿಡಕ್ಕೆ ಅದೇ ಹೊದಿಕೆ. ಗೊನೆಗೆ ಬಿಳಿ ಸ್ಕರ್ಟಿಂಗ್ ಬ್ಯಾಗ್, ಅಂದರೆ ಗೊನೆ ಮುಚ್ಚುವ ಗಾಳಿಯಾಡುವ ಚೀಲ ಹಾಕಿ, ಕೆಳಗೆ ಬಾಯಿ ತೆರೆದಿರಲಿ. ಒಬ್ಬರು ತೂತಿಲ್ಲದ ಪ್ಲಾಸ್ಟಿಕ್ ಚೀಲ ಕಟ್ಟಿ, ಒಳಗೆ ಬೆವರಿ ಕಾಯಿ ಕೊಳೆಸಿಕೊಂಡರು. ಬದುವಿಗೆ ಹೊಗೆ ಹಾಕುವವರೂ ಇದ್ದಾರೆ. ಗಾಳಿ ಬೀಸಿದರೆ ಹೊಗೆಯೆಲ್ಲ ಪಕ್ಕದವರ ಹೊಲಕ್ಕೆ, ನನಗೆ ಅದರಲ್ಲಿ ನಂಬಿಕೆ ಕಮ್ಮಿ.

ಆದರೆ ಇದೆಲ್ಲ ಮಾಡಿದರೂ ಜನವರಿಯಲ್ಲಿ ಗಂಟಲಿಗೆ ಬಂದ ಗೊನೆಯನ್ನು ಪೂರ್ತಿ ಉಳಿಸಲು ಆಗಲ್ಲ. ಅದಕ್ಕೇ ಈಗ ಮೇ ತಿಂಗಳಲ್ಲಿ ಸಸಿ ಕೇಳಿದರೆ ನಾನು ಕೊಡಲ್ಲ. ಟಾರ್ಗೆಟ್ ಎಲ್ಲಿ ಅಂತ ಆಫೀಸಿನಲ್ಲಿ ಬೈಸಿಕೊಂಡಿದ್ದೂ ಆಯಿತು.

ಕಾಕಾ ಮತ್ತೆ ಕೇಳಿದಾಗ ಜುಲೈಗೆ ನೆಡಿಸಿದೆ. ಆ ಚಳಿಯಲ್ಲೂ ಗಿಡದ ಬೆಳವಣಿಗೆ ನಿಂತಿತು. ಆದರೆ ಆಗಿನ್ನೂ ಗೊನೆ ಇಳಿದಿರಲಿಲ್ಲ. ಮಾರ್ಚ್‌ನಲ್ಲಿ ನನ್ನ ವಾಟ್ಸಾಪ್‌ಗೆ ಒಂದು ಫೋಟೊ ಬಂತು. ನೀಟಾಗಿ ಬಾಗಿದ ಗೊನೆ, ಕೆಳಗೆ ಒಂದೇ ಸಾಲು: "ಹೆರಿಗಿ ನಾರ್ಮಲ್ ಆತು."