ಪಕ್ ಮುಟ್ಟುವ ಮುಂಚೆ ಏನಾಯಿತು ಅಂತ ಯಾರೂ ಕೇಳಲಿಲ್ಲ

ಫೆಬ್ರವರಿ ಮೀಟಿಂಗ್‌ನಲ್ಲಿ ಆ ಒಂದು ಕ್ಲಿಪ್ಪನ್ನು ದೊಡ್ಡ ಪರದೆ ಮೇಲೆ ಮತ್ತೆ ಮತ್ತೆ ಓಡಿಸಿದ್ದು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್) ತಂಡವೊಂದಕ್ಕೆ ವಿಡಿಯೊ ನೋಡಿ ರಿಪೋರ್ಟ್ ಬರೆಯುವವಳು. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಹೆಕ್ಕುವಾಗ, ನಾವು ಆರಿಸಿಕೊಂಡು, ಇನ್ನೂ ಕಾಲೇಜಿನಲ್ಲೇ ಐಸ್ ಹಾಕಿ ಆಡುತ್ತಿರುವ ಹುಡುಗರು ನನ್ನ ಪಾಲಿಗೆ. ಅವರಲ್ಲೊಬ್ಬ ಎರಡನೇ ವರ್ಷದ ಲೆಫ್ಟ್ ಶಾಟ್ (ಎಡಗಡೆಯಿಂದ ಹೊಡೆಯುವ) ಡಿಫೆನ್ಸ್‌ಮನ್, ಅಂದರೆ ರಕ್ಷಣೆಯ ಆಟಗಾರ, ಕೊನೆಯ ಸುತ್ತುಗಳಲ್ಲಿ ಸಿಕ್ಕವನು. ಸೀಸನ್ ಮುಗಿದ ಮೇಲೆ ಅವನಿಗೆ ಕಾಂಟ್ರಾಕ್ಟ್ ಕೊಡೋಣವೋ, ಇನ್ನೊಂದು ವರ್ಷ ಅಲ್ಲೇ ಬಿಡೋಣವೋ, ಗ್ರೇಡ್ ಇಳಿಸಿ ಪಟ್ಟಿಯ ತಳಕ್ಕೆ ಹಾಕೋಣವೋ ಅನ್ನುವುದು ಅವತ್ತಿನ ಪ್ರಶ್ನೆ. ತಂಡವೊಂದು ಇಟ್ಟುಕೊಳ್ಳಬಹುದಾದ ಕಾಂಟ್ರಾಕ್ಟ್‌ಗಳು 50 ಮಾತ್ರ. ಸಹಿ ಹಾಕಿದ ಹುಡುಗ ಕಾಲೇಜು ತಂಡಕ್ಕೆ ವಾಪಸ್ ಹೋಗಿ ಆಡುವಂತಿಲ್ಲ. ಹಾಗಾಗಿ ಸುಮ್ಮನೆ ಆಡಿ ಮುಗಿಸುವ ಮಾತಲ್ಲ ಅದು.

ಕ್ಲಿಪ್ ಹೀಗಿತ್ತು: ಎರಡನೇ ಪೀರಿಯಡ್, ನಮ್ಮ ಹುಡುಗ ತನ್ನ ನೆಟ್ ಹಿಂದೆ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಹಿಡಿಯುತ್ತಾನೆ, ಫೋರ್‌ಚೆಕ್, ಅಂದರೆ ಪಕ್ ಕಸಿಯಲು ನುಗ್ಗುವ ಎದುರಾಳಿ, ಮೈಮೇಲೆ ಬರುತ್ತದೆ, ಬೋರ್ಡ್ (ರಿಂಕ್ ಸುತ್ತಲಿನ ಗೋಡೆ) ಗುಂಟ ಎಸೆಯುತ್ತಾನೆ, ಇನ್ನೊಬ್ಬ ಎದುರಾಳಿ ನಮ್ಮ ಹುಡುಗನ ಝೋನ್‌ನ ಅಂಚಿನ ಬ್ಲೂ ಲೈನ್‌ನಲ್ಲಿ ತಡೆದು ಒಳಗೆ ಕೊಡುತ್ತಾನೆ, ಗೋಲ್. ನಮ್ಮ ಡೈರೆಕ್ಟರ್ ಹೇಳಿದ್ದು ಇಷ್ಟೇ: "ಪ್ರೆಷರ್ ಬಂದರೆ ನೋಡದೆ ಎಸೆಯುತ್ತಾನೆ. ಪಾಯಿಂಟ್ಸೂ ಮೇಲೆ ಹೋಗಿಲ್ಲ. ಬೆಳೆದಿಲ್ಲ ಹುಡುಗ." (ಪಾಯಿಂಟ್ಸ್ ಅಂದರೆ ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡರ ಲೆಕ್ಕ.) ಪಕ್ಕದ ಸ್ಕೌಟ್ (ಆಟಗಾರರನ್ನು ಅಳೆಯುವವರು) ಆಗಲೇ ಗ್ರೇಡ್ ತಿದ್ದಲು ಲ್ಯಾಪ್‌ಟಾಪ್ ಎಳೆದುಕೊಂಡಿದ್ದರು.

ನಮ್ಮ ಟ್ಯಾಗಿಂಗ್ ಸಾಫ್ಟ್‌ವೇರ್ ಆಟಗಾರ ಪಕ್ ಮುಟ್ಟಿದ ಕ್ಷಣದಿಂದ ಕ್ಲಿಪ್ ಕತ್ತರಿಸುತ್ತದೆ. ಫಾರ್ವರ್ಡ್ ಆದರೆ ನಡೆಯುತ್ತದೆ. ಆದರೆ ರಿಟ್ರೀವಲ್‌ಗೆ, ಅಂದರೆ ತನ್ನ ನೆಟ್ ಕಡೆ ಬಿದ್ದ ಪಕ್ ತರಲು, ಹೋಗುವ ಡಿಫೆನ್ಸ್‌ಮನ್‌ನ ಅರ್ಧ ಕೆಲಸ ಪಕ್ ಮುಟ್ಟುವಷ್ಟರಲ್ಲಿ ಮುಗಿದಿರುತ್ತದೆ. ಯಾವ ಭುಜದ ಮೇಲಿಂದ ಹಿಂದೆ ನೋಡಿದ, ಎಷ್ಟು ಸಲ ನೋಡಿದ, ಫೋರ್‌ಚೆಕರ್‌ನನ್ನು ದಾರಿ ತಪ್ಪಿಸಲು ಮೊದಲು ಯಾವ ಕಡೆಗೆ ಮೈ ವಾಲಿಸಿದ, ಪಾರ್ಟ್ನರ್ (ಜೊತೆಯ ಡಿಫೆನ್ಸ್‌ಮನ್) ಎಲ್ಲಿದ್ದ, ವಿಂಗರ್ (ಅಂಚಿನಲ್ಲಿ ಆಡುವ ಫಾರ್ವರ್ಡ್) ಗೋಡೆಗೆ ಬಂದಿದ್ದನೋ ಇಲ್ಲವೋ, ಇದ್ಯಾವುದೂ ಆ ಕ್ಲಿಪ್‌ನಲ್ಲಿ ಇರುವುದಿಲ್ಲ. ಇದನ್ನು ಮ್ಯಾನೇಜ್‌ಮೆಂಟ್‌ಗೆ ಹೇಳಿ ಹೇಳಿ ನನ್ನ ಬಾಯಿ ನೋವು ಬಂದಿದೆ.

"ಕ್ಲಿಪ್ ಬಿಡಿ, ಪೂರ್ತಿ ಗೇಮ್ ಫೈಲ್ ತೆಗೆಯೋಣ" ಅಂದೆ. ಫೈಲ್ ತೆರೆದುಕೊಳ್ಳಲೇ ಇಲ್ಲ. ಪರದೆ ಮೇಲೆ ಚಕ್ರ ಸುತ್ತುತ್ತಲೇ ಇದೆ. ಡೈರೆಕ್ಟರ್ ಫೋನ್ ನೋಡಿಕೊಳ್ಳುತ್ತಿದ್ದಾರೆ, ಯಾರೋ ಕುರ್ಚಿ ಹಿಂದೆ ತಳ್ಳಿ ಕಾಫಿಗೆ ಎದ್ದರು, ಇನ್ನೊಬ್ಬರು "ಮುಂದಿನ ಹೆಸರಿಗೆ ಹೋಗೋಣವಾ?" ಅಂದರು. ಒಬ್ಬ ಹುಡುಗನ ಎರಡು ವರ್ಷದ ಶ್ರಮ ನನ್ನ ಕಣ್ಣೆದುರೇ ಒಂದು ನಿಧಾನದ ಸರ್ವರ್ ಕೈಗೆ ಸಿಕ್ಕಿಕೊಂಡಿತ್ತು. "ಇಲ್ಲ, ಇನ್ನೊಂದು ನಿಮಿಷ" ಅಂತ ಪಟ್ಟು ಹಿಡಿದು ಕೂತೆ.

ಕೊನೆಗೂ ತೆರೆಯಿತು. ಎಂಟು ಸೆಕೆಂಡು ಹಿಂದಕ್ಕೆ ಹೋದೆವು. ಹುಡುಗ ಎಡ ಭುಜದ ಮೇಲಿಂದ ನೋಡುತ್ತಾನೆ, ಎರಡು ಹೆಜ್ಜೆ ಬಿಟ್ಟು ಬಲಕ್ಕೆ ನೋಡುತ್ತಾನೆ. ವಿಂಗರ್ ಗೋಡೆಯ ಹತ್ತಿರ ಸರಿಯಾದ ಜಾಗದಲ್ಲೇ ನಿಂತಿದ್ದಾನೆ. ಹುಡುಗ ಪಕ್ ಕಡೆ ತಲೆ ತಗ್ಗಿಸಿದ ಕೂಡಲೇ ಆ ವಿಂಗರ್ ಸುಸ್ತಾಗಿ ಚೇಂಜ್‌ಗೆ (ಬೇರೆಯವನಿಗೆ ಜಾಗ ಬಿಡಲು) ಬೆಂಚಿನತ್ತ ತಿರುಗಿಬಿಡುತ್ತಾನೆ. ಬೆಂಚು ತಮ್ಮ ಝೋನ್‌ನಿಂದ ದೂರವಿರುವ ಎರಡನೇ ಪೀರಿಯಡ್‌ನ ಲಾಂಗ್ ಚೇಂಜ್‌ನಲ್ಲಿ, ಅದೂ ಪಕ್ ಇನ್ನೂ ತಮ್ಮ ಝೋನ್‌ನಲ್ಲಿರುವಾಗ! ಹುಡುಗ ಎಸೆದದ್ದು ತಾನು ನೋಡಿಟ್ಟುಕೊಂಡಿದ್ದ ಜಾಗಕ್ಕೆ. ಅಲ್ಲಿ ಮನುಷ್ಯ ಇರಲಿಲ್ಲ.

ಆಮೇಲೆ ಅಕ್ಟೋಬರ್ ಮತ್ತು ಜನವರಿಯ ರಿಟ್ರೀವಲ್‌ಗಳನ್ನು ಜೋಡಿಸಿ ತೋರಿಸಿದೆ. ಅಕ್ಟೋಬರ್‌ನಲ್ಲಿ ಒಂದೇ ಸಲ ಹಿಂದೆ ನೋಡುತ್ತಿದ್ದ. ಜನವರಿಗೆ ಅದು ಎರಡಾಗಿದೆ. ಕಾಲೇಜು ಹಾಕಿಯ ದೊಡ್ಡ ಅನುಕೂಲವೆಂದರೆ ಶುಕ್ರವಾರ, ಶನಿವಾರ ಹೆಚ್ಚಾಗಿ ಅದೇ ಎದುರಾಳಿ ಸಿಗುವುದು. ಶುಕ್ರವಾರ ರಾತ್ರಿ ಇವನನ್ನು ಗೋಡೆಗೆ ಒತ್ತಿ ಹಿಡಿದ ತಂಡದ ಮೇಲೆ ಶನಿವಾರ ರಿವರ್ಸ್ ಪಾಸ್ (ತಾನು ಹೊರಟ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಪಾಸ್) ಮಾಡಿ ಪಾರ್ಟ್ನರ್‌ನನ್ನು ಬಿಡಿಸಿದ್ದಾನೆ. ಬೆಳವಣಿಗೆ ಅಂದರೆ ನನ್ನ ಲೆಕ್ಕದಲ್ಲಿ ಇದು.

ಪಾಯಿಂಟ್ಸ್ ಬಗ್ಗೆ ಮಾತ್ರ ನನಗೆ ತಕರಾರಿದೆ. ಡಿಫೆನ್ಸ್‌ಮನ್ ಕೇಲ್ ಮಕಾರ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ 34 ಪಂದ್ಯದಲ್ಲಿ 21, ಮರುವರ್ಷ 41 ಪಂದ್ಯದಲ್ಲಿ 49 ಪಾಯಿಂಟ್ಸ್ ಮಾಡಿ ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವ 2019ರ ಹೋಬಿ ಬೇಕರ್ ಪ್ರಶಸ್ತಿ ಗೆದ್ದ. ಅಂದಿನಿಂದ ಎಲ್ಲರೂ ಎರಡನೇ ವರ್ಷದ ಡಿಫೆನ್ಸ್‌ಮನ್‌ನಲ್ಲಿ ಆ ಜಿಗಿತವನ್ನೇ ಹುಡುಕುತ್ತಾರೆ. ಆದರೆ ಇನ್ನೊಬ್ಬ ಡಿಫೆನ್ಸ್‌ಮನ್ ಜೇಕಬ್ ಸ್ಲೇವಿನ್ 2012ರ ಡ್ರಾಫ್ಟ್‌ನಲ್ಲಿ 120ನೆಯವನು. ಕೊಲರಾಡೋ ಕಾಲೇಜಿನಲ್ಲಿ ಎರಡನೇ ವರ್ಷ ಅವನ ಪಾಯಿಂಟ್ಸ್ 25ರಿಂದ 17ಕ್ಕೆ ಇಳಿದಿದ್ದವು. ಅವನ ಸ್ಟಿಕ್, ಅವನ ಗ್ಯಾಪ್ (ಎದುರಾಳಿಯಿಂದ ಕಾಯ್ದುಕೊಳ್ಳುವ ಅಂತರ) ಯಾವ ಸ್ಕೋರ್‌ಶೀಟಿನಲ್ಲೂ ಬರುವುದಿಲ್ಲ. ಎದುರಾಳಿಯ ಬಲವಾದ ಲೈನ್‌ಗಳ ಎದುರೇ ನಿಂತು, ಪೆನಾಲ್ಟಿಯನ್ನು ತೀರಾ ಅಪರೂಪಕ್ಕೆ ತೆಗೆದುಕೊಂಡು, 2021 ಮತ್ತು 2024ರಲ್ಲಿ ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್ ಟ್ರೋಫಿ ಪಡೆದವನು ಅವನು. ನಮ್ಮ ಹುಡುಗನಿಗಂತೂ ಪವರ್ ಪ್ಲೇನಲ್ಲಿ (ಪೆನಾಲ್ಟಿಯಿಂದ ಎದುರಾಳಿಗೆ ಆಟಗಾರ ಕಡಿಮೆ ಇದ್ದು, ಗೋಲು ಸುಲಭವಾಗುವ ಹೊತ್ತು) ಜಾಗವೇ ಇಲ್ಲ, ಅಲ್ಲಿ ಸೀನಿಯರ್ ಒಬ್ಬ ಕೂತಿದ್ದಾನೆ. ಪಾಯಿಂಟ್ಸ್ ಎಲ್ಲಿಂದ ಬರಬೇಕು?

ಹಾಗಂತ ಅವನು ತಯಾರಾಗಿದ್ದಾನೆ ಅಂತ ನಾನು ಹೇಳಲಿಲ್ಲ. ಬಲಗಡೆಯಿಂದ ವೇಗವಾಗಿ ಬರುವ ಫಾರ್ವರ್ಡ್ ಎದುರು ಅವನ ಪಿವಟ್ (ಹಿಮ್ಮುಖ ಸ್ಕೇಟಿಂಗ್‌ನಿಂದ ತಿರುಗುವುದು) ತೀರಾ ಬೇಗ ಆಗುತ್ತದೆ, ಸೊಂಟ ತೆರೆದುಕೊಂಡ ಕ್ಷಣವೇ ಗ್ಯಾಪ್ ಹೋಗುತ್ತದೆ. ಎನ್‌ಎಚ್‌ಎಲ್‌ನಲ್ಲಿ ಇದು ಒಂದೇ ವಾರಕ್ಕೆ ಎಲ್ಲ ತಂಡಗಳಿಗೂ ಗೊತ್ತಾಗುತ್ತದೆ. ರಿಪೋರ್ಟಿನಲ್ಲಿ ಇದನ್ನು ನೇರವಾಗಿಯೇ ಬರೆದಿದ್ದೇನೆ.

ಗ್ರೇಡ್ ಇಳಿಯಲಿಲ್ಲ. ಕಾಂಟ್ರಾಕ್ಟೂ ಕೊಡಲಿಲ್ಲ, ಇನ್ನೊಂದು ವರ್ಷ ಕಾಲೇಜಿನಲ್ಲೇ ಇರಲಿ ಅಂತಾಯಿತು. ನಾನು ಕೇಳಿದ್ದೂ ಅದನ್ನೇ. ಡಿಫೆನ್ಸ್‌ಮನ್ ಕ್ಲಿಪ್‌ಗಳು ಪಕ್ ಮುಟ್ಟುವುದಕ್ಕಿಂತ ಎಂಟು ಸೆಕೆಂಡು ಮುಂಚೆ ಶುರುವಾಗಲಿ ಅಂತ ಅವತ್ತೇ ಮೇಲ್ ಕಳಿಸಿದೆ. ಸ್ಟೋರೇಜ್ ಸಾಲದು ಅಂತ ಉತ್ತರ ಬಂತು. ಈಗ ನನ್ನ ಹುಡುಗರ ಕ್ಲಿಪ್‌ಗಳನ್ನು ರಾತ್ರಿ ಕೂತು ಕೈಯಾರೆ ಕತ್ತರಿಸುತ್ತಿದ್ದೇನೆ. ಪಿವಟ್ ವಿಷಯ ಡೆವಲಪ್‌ಮೆಂಟ್ ಕೋಚ್‌ಗೆ ತಲುಪಿದೆ, ಬೇಸಿಗೆ ಕ್ಯಾಂಪಿನಲ್ಲಿ ಅದನ್ನೇ ಮೊದಲು ಹಿಡಿಯುತ್ತಾರಂತೆ.